ಇನ್ಸ್‌ಪೆಕ್ಷನ್ ಮುಗಿದ ಮಾರನೇ ದಿನ ಏನಾಗುತ್ತದೆ?

"ನಾಳೆ ಇನ್ಸ್‌ಪೆಕ್ಷನ್ ಇದೆ" ಅನ್ನುವ ಸುದ್ದಿ ಬಂದರೆ ಸಾಕು, ಫ್ಯಾಕ್ಟರಿಗೆ ಹಬ್ಬದ ಕಳೆ ಬರುತ್ತದೆ. ನೆಲದ ಹಳದಿ ಗೆರೆಗೆ ಹೊಸ ಪೇಂಟ್ ಬೀಳುತ್ತದೆ. ಎಮರ್ಜೆನ್ಸಿ ಬಾಗಿಲ ಮುಂದೆ ತಿಂಗಳುಗಟ್ಟಲೆ ಬಿದ್ದಿದ್ದ ರಟ್ಟಿನ ಡಬ್ಬಗಳು ಒಂದೇ ಗಂಟೆಯಲ್ಲಿ ಮಾಯ. ಬೆಂಕಿ ಬಕೆಟ್‌ನಲ್ಲಿದ್ದ ಬೀಡಿ ತುಂಡು, ಟೀ ಕಪ್ ತೆಗೆದು ಹೊಸ ಮರಳು ತುಂಬುತ್ತಾರೆ. ಸ್ಟೋರ್‌ನಲ್ಲಿ ಬೀಗ ಹಾಕಿಟ್ಟಿದ್ದ ಹೆಲ್ಮೆಟ್, ಕನ್ನಡಕ ಹೊರಗೆ ಬರುತ್ತವೆ. ಸಂಜೆ ಸಾಹೇಬರು ಹೊರಟ ಮೇಲೆ ಅವೆಲ್ಲ ಎಣಿಸಿ ವಾಪಸ್ ಸ್ಟೋರ್‌ಗೆ. ಕೆಲಸಗಾರರಿಗೆ ಇದು ಗೊತ್ತಿಲ್ಲದ್ದೇನಲ್ಲ. "ಇನ್ಸ್‌ಪೆಕ್ಷನ್ ಅಂದ್ರೆ ಸುಮ್ನೆ ನಾಟಕ" ಅನ್ನುವ ಮಾತು ಶಾಪ್ ಫ್ಲೋರಿನಲ್ಲಿ ಹಳೆಯದು.

ಆ ಮಾತು ಅರ್ಧ ನಿಜ. ಹಳದಿ ಗೆರೆಗೆ ಹಚ್ಚಿದ ಬಣ್ಣದಿಂದ ಯಾರ ಬೆರಳೂ ಉಳಿಯುವುದಿಲ್ಲ. ಆದರೆ ತಪಾಸಣೆಯಿಂದ ಏನೂ ಪ್ರಯೋಜನ ಇಲ್ಲ ಅನ್ನುವುದು ಮಾತ್ರ ತಪ್ಪು. ಪ್ರಯೋಜನ ಇದೆ ಅನ್ನುವುದಕ್ಕೆ ಗಟ್ಟಿ ಪುರಾವೆಯೇ ಇದೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಅಪಘಾತ ಜಾಸ್ತಿ ಇರುವ ಕೆಲವು ಉದ್ಯಮಗಳಲ್ಲಿ, ಯಾವ ಕಂಪನಿಗೆ ತಪಾಸಣೆಗೆ ಹೋಗಬೇಕು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಿದ್ದರು. ಸಂಶೋಧಕರಿಗೆ ಇದು ಒಳ್ಳೆಯ ಅವಕಾಶವಾಯಿತು. ಸಾಮಾನ್ಯವಾಗಿ ಇನ್ಸ್‌ಪೆಕ್ಟರ್ ಹೋಗುವುದು ಅಪಘಾತವಾದ ಕಡೆಗೆ ಅಥವಾ ದೂರು ಬಂದ ಕಡೆಗೆ. ಅಂಥ ಜಾಗದಲ್ಲಿ ಗಾಯದ ಲೆಕ್ಕ ಮೊದಲೇ ಜಾಸ್ತಿ ಇರುತ್ತದೆ. ಆಮೇಲೆ ಅದು ಇಳಿದರೂ ತಪಾಸಣೆಯಿಂದಲೇ ಇಳಿಯಿತು ಅಂತ ಹೇಳುವುದು ಕಷ್ಟ. ಚೀಟಿ ಎತ್ತಿ ಹೋದರೆ ಆ ಗೊಂದಲ ಇರುವುದಿಲ್ಲ. ತಪಾಸಣೆಯಾದ 409 ಕಂಪನಿಗಳನ್ನು ಅಂಥವೇ ಆದ, ಆದರೆ ತಪಾಸಣೆಯಾಗದ 409 ಕಂಪನಿಗಳ ಜೊತೆ ಹೋಲಿಸಿದರು. ಫಲಿತಾಂಶ 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ತಪಾಸಣೆಯಾದ ಕಡೆ ಗಾಯಗಳು ಶೇಕಡಾ 9.4ರಷ್ಟು ಕಡಿಮೆಯಾಗಿದ್ದವು. ಗಾಯಗಳಿಗಾಗಿ ಕೊಡುವ ಪರಿಹಾರದ ಖರ್ಚು ಶೇಕಡಾ 26ರಷ್ಟು ಇಳಿದಿತ್ತು. ಕೆಲಸ ಹೋಯಿತು, ವ್ಯಾಪಾರ ಕುಸಿಯಿತು ಅನ್ನುವುದಕ್ಕೆ ಯಾವ ಗುರುತೂ ಸಿಗಲಿಲ್ಲ. "ಇನ್ಸ್‌ಪೆಕ್ಟರ್ ಕಾಟದಿಂದ ಉದ್ಯಮ ಮುಚ್ಚಬೇಕಾಗುತ್ತದೆ" ಎನ್ನುವವರು ಈ ಕೊನೆಯ ಸಂಗತಿ ಗಮನಿಸಬೇಕು.

ಹಾಗಾದರೆ ಒಂದು ದಿನ ಬಂದು ಹೋಗುವ ಮನುಷ್ಯನಿಂದ ವರ್ಷಗಟ್ಟಲೆ ಗಾಯ ಕಡಿಮೆಯಾಗುವುದು ಹೇಗೆ? ಮತ್ತೆ ನಮ್ಮ ಕಣ್ಣಮುಂದೆ ನಡೆಯುವ ನಾಟಕದಿಂದ ಏನೂ ಆಗದಿರುವುದು ಯಾಕೆ? ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ತಪಾಸಣೆ ಮಾಡಿದವರು ಬರೆದಿಟ್ಟ ಒಂದು ಸಾಲು ಆಮೇಲೆ ಯಾರ ಕೈಗೆ ಹೋಗುತ್ತದೆ, ಅದನ್ನು ಅವರು ಹೇಗೆ ಸರಿ ಮಾಡುತ್ತಾರೆ, ಸರಿಯಾಗಿದೆಯಾ ಅಂತ ಮತ್ತೆ ಯಾರು ನೋಡುತ್ತಾರೆ ಅನ್ನುವುದರಲ್ಲಿ.

ಒಂದು ಪ್ರೆಸ್, ಮೂರು ಸಾಲು

ಪವರ್ ಪ್ರೆಸ್ಸನ್ನೇ ನೋಡೋಣ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಇದು ಎಲ್ಲರಿಗೂ ಪರಿಚಿತ. ತಗಡಿನ ತುಂಡನ್ನು ಡೈ (ಆಕಾರ ಕೊಡುವ ಅಚ್ಚು) ಮೇಲೆ ಇಡಬೇಕು, ಮೇಲಿನಿಂದ ರ‍್ಯಾಮ್ ಬಂದು ಒತ್ತುತ್ತದೆ, ತಯಾರಾದ ಭಾಗವನ್ನು ತೆಗೆಯಬೇಕು, ಮತ್ತೆ ಇಡಬೇಕು. ಒಂದು ಶಿಫ್ಟಿನಲ್ಲಿ ಸಾವಿರಾರು ಸಲ. ಪ್ರತಿ ಸಲವೂ ಕೈ ಡೈ ಹತ್ತಿರ ಹೋಗಿ ಬರುತ್ತದೆ. ಒಂದೇ ಒಂದು ಸಲ ಲೆಕ್ಕ ತಪ್ಪಿದರೆ ಬೆರಳು ಹೋಗುತ್ತದೆ.

ಇದನ್ನು ತಡೆಯಲು ಎರಡು ಬಟನ್ ಇಟ್ಟಿರುತ್ತಾರೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ರ‍್ಯಾಮ್ ಇಳಿಯಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಡೈ ಒಳಗೆ ಯಾವ ಕೈಯೂ ಇರುವುದಿಲ್ಲ, ಅಷ್ಟೇ ತರ್ಕ. ಆದರೆ ಎಷ್ಟೋ ಕಡೆ ಒಂದು ಬಟನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿರುತ್ತಾರೆ, ಇಲ್ಲವೇ ಮರದ ಚಕ್ಕೆ ಸಿಕ್ಕಿಸಿರುತ್ತಾರೆ. ಆಗ ಒಂದು ಕೈ ಬಟನ್ ಮೇಲೆ, ಇನ್ನೊಂದು ಕೈ ಡೈ ಒಳಗೆ. ಕೆಲಸ ಬೇಗ ಆಗುತ್ತದೆ.

ಈ ಯಂತ್ರದ ಮುಂದೆ ತಪಾಸಣೆಯವರು ನಿಂತರು ಅಂದುಕೊಳ್ಳಿ. ಅವರು ಮೂರು ತರಹ ಬರೆಯಬಹುದು.

ಒಬ್ಬರು "ಆಪರೇಟರ್ ಗ್ಲೌಸ್ ಹಾಕಿಲ್ಲ" ಎಂದು ಬರೆಯುತ್ತಾರೆ. ಮಾರನೇ ದಿನ ಗ್ಲೌಸ್ ಬರುತ್ತದೆ, ಫೋಟೋ ತೆಗೆದು ಕಳಿಸುತ್ತಾರೆ, ಪಾಯಿಂಟ್ ಕ್ಲೋಸ್. ತಗಡಿನ ಅಂಚಿನಿಂದ ಆಗುವ ಗೀರು ತಪ್ಪಬಹುದು. ಆದರೆ ಐವತ್ತು ಟನ್ ಒತ್ತಡ ಹಾಕುವ ಪ್ರೆಸ್ಸಿನ ಕೆಳಗೆ ಗ್ಲೌಸ್ ಇದ್ದರೇನು, ಬಿಟ್ಟರೇನು? (ಹಾಗೆ ನೋಡಿದರೆ ತಿರುಗುವ ಯಂತ್ರದ ಹತ್ತಿರ ಗ್ಲೌಸೇ ಅಪಾಯ. ಡ್ರಿಲ್ಲಿಂಗ್ ಮೆಷಿನ್ನಿನ ಬಿಟ್ಟಿಗೆ ಗ್ಲೌಸಿನ ಒಂದು ಎಳೆ ಸಿಕ್ಕಿದರೆ ಇಡೀ ಕೈಯನ್ನೇ ಎಳೆದುಕೊಳ್ಳುತ್ತದೆ. ಎಲ್ಲ ಕಡೆಗೂ ಒಂದೇ ಚೆಕ್‌ಲಿಸ್ಟ್ ಹಿಡಿದು ಓಡಾಡುವವರು ಇಂಥ ಕಡೆ ಇರುವ ಅಪಾಯದ ಜೊತೆ ಹೊಸದೊಂದನ್ನು ಸೇರಿಸಿ ಬರುತ್ತಾರೆ.)

ಎರಡನೆಯವರು ಸ್ವಲ್ಪ ಹತ್ತಿರ ಹೋಗಿ ನೋಡುತ್ತಾರೆ. "ಎರಡು ಬಟನ್‌ಗಳಲ್ಲಿ ಒಂದನ್ನು ಕಟ್ಟಿಡಲಾಗಿದೆ" ಎಂದು ಬರೆಯುತ್ತಾರೆ. ರಬ್ಬರ್ ಬ್ಯಾಂಡ್ ಕತ್ತರಿಸುತ್ತಾರೆ, ಆಪರೇಟರ್‌ಗೆ ಮೆಮೋ ಕೊಡುತ್ತಾರೆ. ಮುಂದಿನ ವಾರ ನೋಡಿದರೆ ಮತ್ತೆ ಅದೇ ರಬ್ಬರ್ ಬ್ಯಾಂಡ್. ಯಾಕೆಂದರೆ ಶಿಫ್ಟಿನ ಟಾರ್ಗೆಟ್ ಲೆಕ್ಕ ಹಾಕಿರುವುದೇ ಒಂದು ಬಟನ್ ಕಟ್ಟಿದಾಗ ಬರುವ ವೇಗಕ್ಕೆ. ಎರಡು ಬಟನ್ ಒತ್ತಿ ಕೆಲಸ ಮಾಡಿದರೆ ಟಾರ್ಗೆಟ್ ಮುಟ್ಟುವುದಿಲ್ಲ. ಟಾರ್ಗೆಟ್ ಮುಟ್ಟದಿದ್ದರೆ ಸೂಪರ್‌ವೈಸರ್ ಬೈಯುತ್ತಾರೆ. ಮೆಮೋ ಕೊಟ್ಟವರೂ ಅವರೇ.

ಮೂರನೆಯವರು ಆಪರೇಟರ್‌ನನ್ನೇ ಕೇಳುತ್ತಾರೆ: "ಇದನ್ನು ಯಾಕಪ್ಪ ಕಟ್ಟಿದ್ದೀಯ? ಕೈ ಒಳಗೆ ಯಾಕೆ ಹಾಕಬೇಕಾಗುತ್ತೆ?" ಆಗ ಗೊತ್ತಾಗುತ್ತದೆ, ಭಾಗ ಡೈನಲ್ಲಿ ಅಂಟಿಕೊಳ್ಳುತ್ತದೆ, ಕೈಯಿಂದ ಎಬ್ಬಿಸದೆ ಬರುವುದಿಲ್ಲ. ಇಲ್ಲಿಂದ ಮುಂದೆ ಮಾತು ಬೇರೆ ಕಡೆ ತಿರುಗುತ್ತದೆ. ಭಾಗವನ್ನು ಹೊರಗೆ ತಳ್ಳಲು ಎಜೆಕ್ಟರ್ ಅಥವಾ ಗಾಳಿಯ ಪೈಪ್ ಇಡಬಹುದಾ? ತಗಡನ್ನು ಕೈಯಿಂದ ಇಡುವ ಬದಲು ಹೊರಗಿನಿಂದ ಜಾರಿಸುವ ಚಾನೆಲ್ ಮಾಡಬಹುದಾ? ಡೈ ಸುತ್ತ ಬೆರಳೇ ತೂರದಷ್ಟು ಸಣ್ಣ ಸಂದು ಬಿಟ್ಟು ಗಾರ್ಡ್ ಕೂರಿಸಬಹುದಾ? ಇವೆಲ್ಲ ಸೇರಿದರೆ ಕೈ ಒಳಗೆ ಹೋಗುವ ಅಗತ್ಯವೇ ಇಲ್ಲ. ಬಟನ್ ಕಟ್ಟಿದರೂ ಬೆರಳು ಉಳಿಯುತ್ತದೆ.

ಮೂವರೂ ನೋಡಿದ್ದು ಒಂದೇ ಯಂತ್ರ. ಮೂವರ ಪಾಯಿಂಟೂ ಕಾಗದದ ಮೇಲೆ ಕ್ಲೋಸ್ ಆಗುತ್ತದೆ. ಅಪಾಯ ಕಡಿಮೆಯಾಗುವುದು ಒಂದರಲ್ಲಿ ಮಾತ್ರ.

ಸುರಕ್ಷತೆಯ ಕೆಲಸದಲ್ಲಿ ಇರುವವರು ಇದಕ್ಕೊಂದು ಕ್ರಮ ಇಟ್ಟುಕೊಂಡಿದ್ದಾರೆ. ಮೊದಲು ಅಪಾಯವನ್ನೇ ತೆಗೆದುಹಾಕಲು ನೋಡು. ಆಗದಿದ್ದರೆ ಕಡಿಮೆ ಅಪಾಯದ್ದನ್ನು ಅದರ ಜಾಗಕ್ಕೆ ತಾ. ಅದೂ ಆಗದಿದ್ದರೆ ಮನುಷ್ಯನಿಗೂ ಅಪಾಯಕ್ಕೂ ನಡುವೆ ಗಾರ್ಡ್, ಗಾರ್ಡ್ ತೆರೆದರೆ ಯಂತ್ರ ನಿಲ್ಲಿಸುವ ಇಂಟರ್‌ಲಾಕ್, ಗಾಳಿ ಹೀರುವ ಫ್ಯಾನ್ ಮುಂತಾದವನ್ನು ತಂದು ನಿಲ್ಲಿಸು. ನಿಯಮ, ಬೋರ್ಡು, ತರಬೇತಿ ಆಮೇಲೆ. ಹೆಲ್ಮೆಟ್, ಗ್ಲೌಸ್, ಮಾಸ್ಕ್ ಎಲ್ಲಕ್ಕಿಂತ ಕೊನೆಗೆ. ಮೇಲಿನವು ಯಂತ್ರವನ್ನು ಬದಲಿಸುತ್ತವೆ, ಕೆಳಗಿನವು ಮನುಷ್ಯ ಯಾವತ್ತೂ ತಪ್ಪು ಮಾಡಬಾರದು ಎಂದು ಬಯಸುತ್ತವೆ. ನಮ್ಮಲ್ಲಿ ಹೆಚ್ಚಿನ ತಪಾಸಣೆಗಳು ಶುರುವಾಗುವುದೇ ಕೆಳಗಿನಿಂದ. ಕಾರಣ ಸರಳ. ಹೆಲ್ಮೆಟ್ ಇಲ್ಲದ ತಲೆ ದೂರದಿಂದಲೇ ಕಾಣುತ್ತದೆ, ಅದನ್ನು ಸರಿಮಾಡಲು ಖರ್ಚೂ ಕಡಿಮೆ.

ಇನ್ನೂ ಒಂದು ಸೂಕ್ಷ್ಮ ಇದೆ. ಡೈ ಮುಂದೆ ಬೆಳಕಿನ ಪರದೆ ಹಾಕಿಸಿ, ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಹೊಸ ಪ್ರೆಸ್‌ಗಳಿಗೆ ಅದು ಸರಿ. ಆದರೆ ಹಳೆಯ ಕೀ ಕ್ಲಚ್ ಪ್ರೆಸ್ ಒಮ್ಮೆ ಹೊರಟರೆ ಒಂದು ಸುತ್ತು ಮುಗಿಯುವವರೆಗೆ ನಿಲ್ಲುವುದೇ ಇಲ್ಲ. ಅದಕ್ಕೆ ಬೆಳಕಿನ ಪರದೆ ಹಾಕಿಸಿದರೆ ದುಡ್ಡು ದಂಡ. ಅದಕ್ಕಿಂತ ಕೆಟ್ಟದ್ದೆಂದರೆ ಆಪರೇಟರ್ ಅದನ್ನು ನಂಬಿ ಧೈರ್ಯವಾಗಿ ಕೈ ಹಾಕುತ್ತಾನೆ. ತಪಾಸಣೆಗೆ ಬರುವವರಿಗೆ ಯಂತ್ರದ ಒಳಗು ಗೊತ್ತಿರಬೇಕು ಅನ್ನುವುದು ಇದಕ್ಕೇ.

ಬರೆದದ್ದೆಲ್ಲ ಬರೆದಲ್ಲೇ ಉಳಿದರೆ

ಭೋಪಾಲದ ಕತೆ ಎಲ್ಲರಿಗೂ ಗೊತ್ತು. ದುರಂತಕ್ಕೆ ಎರಡೂವರೆ ವರ್ಷ ಮೊದಲು ಅಲ್ಲಿ ತಪಾಸಣೆ ನಡೆದಿತ್ತು ಅನ್ನುವುದು ಅಷ್ಟು ಜನಕ್ಕೆ ಗೊತ್ತಿಲ್ಲ.

1982ರ ಮೇ ತಿಂಗಳಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯ ಅಮೆರಿಕದ ತಜ್ಞರು ಭೋಪಾಲದ ಕಾರ್ಖಾನೆಗೆ ಬಂದು ನೋಡಿದರು. ಅವರ ವರದಿ ಕಾಟಾಚಾರದ್ದಾಗಿರಲಿಲ್ಲ. ವಿಷಾನಿಲ ಹೊರಬೀಳುವ ಸಾಧ್ಯತೆ, ಸುರಕ್ಷತಾ ವಾಲ್ವ್ ಮತ್ತು ಮೀಟರುಗಳ ನಿರ್ವಹಣೆಯಲ್ಲಿ ಕೊರತೆ, ರಿಪೇರಿ ವೇಳೆ ಪೈಪು-ಯಂತ್ರಗಳಿಗೆ ಟ್ಯಾಗ್ ಮತ್ತು ಬೀಗ ಹಾಕುವ ಪದ್ಧತಿಯಲ್ಲಿ ಲೋಪ, ನೀರು ಸಿಂಪಡಿಸುವ ಸ್ಥಿರ ವ್ಯವಸ್ಥೆ ಇಲ್ಲದಿರುವುದು, ನುರಿತ ಕೆಲಸಗಾರರು ಬಿಟ್ಟು ಹೋಗುತ್ತಿರುವುದು, ಎಲ್ಲವೂ ಅದರಲ್ಲಿತ್ತು. ಒಂದೊಂದಾಗಿ ಸರಿಮಾಡುತ್ತಿದ್ದೇವೆ ಎಂಬ ಪ್ರಗತಿ ವರದಿಗಳು ಭೋಪಾಲದಿಂದ ಅಮೆರಿಕಕ್ಕೆ ಹೋಗುತ್ತಿದ್ದವು. ಕಾಗದದ ಮೇಲೆ ಕೆಲಸ ಸಾಗುತ್ತಿತ್ತು.

ಆಮೇಲೆ ಕಾರ್ಖಾನೆ ನಷ್ಟಕ್ಕೆ ಬಿತ್ತು. ಖರ್ಚು ಕಡಿತ ಶುರುವಾಯಿತು. 1984ರ ಡಿಸೆಂಬರ್ 2ರ ರಾತ್ರಿ ಮೀಥೈಲ್ ಐಸೋಸಯನೇಟ್ ಎಂಬ ವಿಷ ರಾಸಾಯನಿಕದ ಟ್ಯಾಂಕಿಗೆ ನೀರು ಸೇರಿದಾಗ ಏನಾಯಿತು ನೋಡಿ. ಟ್ಯಾಂಕನ್ನು ತಣ್ಣಗಿಡಬೇಕಿದ್ದ ರೆಫ್ರಿಜರೇಶನ್ ತಿಂಗಳುಗಳ ಹಿಂದೆಯೇ ಬಂದ್ ಆಗಿತ್ತು. ಹೊರಬರುವ ಅನಿಲವನ್ನು ತೊಳೆದು ನಿರ್ವಿಷ ಮಾಡಬೇಕಿದ್ದ ಸ್ಕ್ರಬ್ಬರ್ ಸಿದ್ಧ ಸ್ಥಿತಿಯಲ್ಲಿರಲಿಲ್ಲ. ಉಳಿದದ್ದನ್ನು ಸುಡಬೇಕಿದ್ದ ಫ್ಲೇರ್ ಟವರಿಗೆ ಹೋಗುವ ಪೈಪಿನ ತುಕ್ಕು ಹಿಡಿದ ತುಂಡನ್ನು ರಿಪೇರಿಗೆಂದು ಬಿಚ್ಚಿಟ್ಟಿದ್ದರು. ಒಂದರ ಹಿಂದೆ ಒಂದು ಇರಬೇಕಿದ್ದ ಮೂರು ತಡೆಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

ಇಲ್ಲಿ ಎರಡು ಸಂಗತಿ ಇವೆ. ತಪಾಸಣೆ ಅನ್ನುವುದು ಒಂದು ದಿನದ ಫೋಟೋ ಇದ್ದ ಹಾಗೆ. 1982ರ ಫೋಟೋದಲ್ಲಿ 1984ರ ಸ್ಥಿತಿ ಕಾಣುವುದಿಲ್ಲ. ಫೋಟೋ ತೆಗೆದ ಮೇಲೆ ಜನ ಕಡಿಮೆಯಾದರೆ, ಒಂದು ಉಪಕರಣ ಬಂದ್ ಮಾಡಿದರೆ, ಕಚ್ಚಾವಸ್ತು ಬದಲಾದರೆ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಹಾಗಾಗಿಯೇ ಒಳ್ಳೆಯ ಕಾರ್ಖಾನೆಗಳಲ್ಲಿ ತಾರೀಖಿನ ತಪಾಸಣೆಯ ಜೊತೆಗೆ, ಏನಾದರೂ ಬದಲಾದಾಗಲೆಲ್ಲ ಮಾಡುವ ತಪಾಸಣೆಯೂ ಇರುತ್ತದೆ. ಎರಡನೆಯ ಸಂಗತಿ, ಸರ್ಕಾರದ ಕಣ್ಣು ಆಗ ಎಷ್ಟು ದುರ್ಬಲವಾಗಿತ್ತು ಅನ್ನುವುದು. ಮಧ್ಯಪ್ರದೇಶದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳಿಗೆ ಹದಿನೈದು ಇನ್ಸ್‌ಪೆಕ್ಟರುಗಳಿದ್ದರು ಎಂದು ಆಗಿನ ಪತ್ರಿಕೆಗಳು ಬರೆದವು. ಭೋಪಾಲ ನೋಡಿಕೊಳ್ಳುತ್ತಿದ್ದವರು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ರಾಸಾಯನಿಕ ಕಾರ್ಖಾನೆಯ ಒಳಗು ಅವರಿಗೆ ಅಷ್ಟು ತಿಳಿದಿರಲಿಲ್ಲ.

ಕಣ್ಣಿಗೆ ಕಾಣುವ ಅಪಾಯ, ಕಾಣದ ಅಪಾಯ

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ನೌಕೆಗೆ ಬಿಪಿ ಮತ್ತು ಟ್ರಾನ್ಸ್‌ಓಷನ್ ಕಂಪನಿಗಳ ಹಿರಿಯ ಅಧಿಕಾರಿಗಳು ಬಂದಿದ್ದರು. ಏಳು ವರ್ಷ ಒಂದೂ ದೊಡ್ಡ ಗಾಯವಿಲ್ಲದೆ ಕೆಲಸ ಮಾಡಿದ್ದಕ್ಕೆ ಮೆಚ್ಚುಗೆ ಹೇಳುವುದೂ ಆ ಭೇಟಿಯ ಉದ್ದೇಶಗಳಲ್ಲಿ ಒಂದು. ಅವರು ನೌಕೆಯಲ್ಲಿ ಸುತ್ತಾಡಿದರು, ಸುರಕ್ಷತೆಯ ಬಗ್ಗೆ ಮಾತಾಡಿದರು. ಕೊರೆಯುವವರ ಕೋಣೆಗೂ ಹೋದರು. ಅಲ್ಲಿ ಬಾವಿಯ ಒತ್ತಡ ಪರೀಕ್ಷೆಯ ಅಂಕಿ ಸರಿಬರುತ್ತಿಲ್ಲ ಎಂದು ಸಿಬ್ಬಂದಿ ಗೊಂದಲದಲ್ಲಿದ್ದರು. ಆ ಪರೀಕ್ಷೆಯೇ ಬಾವಿ ಭದ್ರವಾಗಿ ಮುಚ್ಚಿದೆಯಾ ಇಲ್ಲವಾ ಎಂದು ಹೇಳಬೇಕಾಗಿದ್ದದ್ದು. ಕೆಲಸಕ್ಕೆ ಅಡ್ಡಿ ಮಾಡುವುದು ಬೇಡ ಎಂದು ಭೇಟಿಯವರು ಮುಂದೆ ನಡೆದರು. ಅದೇ ರಾತ್ರಿ ಬಾವಿ ಸ್ಫೋಟಿಸಿ 11 ಜನ ಸತ್ತರು.

ಏಳು ವರ್ಷ ಯಾರಿಗೂ ದೊಡ್ಡ ಗಾಯವಾಗಿರಲಿಲ್ಲ ಅನ್ನುವುದು ಸುಳ್ಳಲ್ಲ. ಆದರೆ ಜಾರಿ ಬೀಳುವುದು, ಕೈ ಸಿಕ್ಕಿಕೊಳ್ಳುವುದು ಒಂದು ಜಾತಿಯ ಅಪಾಯ. ಒತ್ತಡ, ಅನಿಲ, ಬಿಸಿ ಇವುಗಳದ್ದು ಇನ್ನೊಂದು ಜಾತಿ. ಮೊದಲನೆಯದು ನಡೆದಾಡಿದರೆ ಕಾಣುತ್ತದೆ. ಎರಡನೆಯದು ಪೈಪಿನ ಒಳಗೆ, ವಾಲ್ವಿನ ಒಳಗೆ, ಲಾಗ್‌ಬುಕ್ಕಿನ ಅಂಕಿಯಲ್ಲಿ ಕೂತಿರುತ್ತದೆ. "ನಮ್ಮಲ್ಲಿ ಸಾವಿರ ದಿನದಿಂದ ಅಪಘಾತ ಇಲ್ಲ" ಅನ್ನುವ ಗೇಟಿನ ಬೋರ್ಡು ಮೊದಲ ಜಾತಿಯದ್ದರ ಬಗ್ಗೆ ಮಾತ್ರ ಹೇಳುತ್ತದೆ.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಬಾಯ್ಲರ್ ನೋಡಬಹುದು. ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ, ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಲ್ಲಿ ಇದು ದಿನನಿತ್ಯದ ವಸ್ತು. ಬಾಯ್ಲರ್ ಇನ್ಸ್‌ಪೆಕ್ಟರ್ ವರ್ಷಕ್ಕೊಮ್ಮೆ ನೋಡಿ ಸರ್ಟಿಫಿಕೇಟ್ ಕೊಡುತ್ತಾರೆ. ಅದಕ್ಕಾಗಿ ಬಾಯ್ಲರ್ ಆರಿಸಿ, ತಣ್ಣಗೆ ಮಾಡಿ, ತೆರೆದು, ಒಳಗೆ ಕಟ್ಟಿದ ಗಸಿ ತೆಗೆದು ಇಡಬೇಕು. ಟ್ಯೂಬು ತೆಳುವಾಗಿದೆಯಾ, ಎಲ್ಲಾದರೂ ಬಿರುಕಿದೆಯಾ ಎಂದು ಆಗ ತಿಳಿಯುತ್ತದೆ. ಆದರೆ ಬಾಯ್ಲರಿನಲ್ಲಿ ನೀರಿನ ಮಟ್ಟ ಇಳಿದು ಟ್ಯೂಬು ಕೆಂಪಗೆ ಕಾಯಲು ಒಂದು ವರ್ಷ ಬೇಕಿಲ್ಲ. ಅಲ್ಲಿ ಕಾಯುವವನು ಬಾಯ್ಲರ್ ಅಟೆಂಡೆಂಟ್. ಅವನು ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನ ಡ್ರೈನ್ ತೆರೆದು ನೋಡುತ್ತಾನೆ. ಗಾಜಿನಲ್ಲಿರುವ ನೀರು ಸರ‍್ರನೆ ಇಳಿದು, ಮುಚ್ಚಿದ ತಕ್ಷಣ ಸರ‍್ರನೆ ವಾಪಸ್ ಏರಬೇಕು. ನಿಧಾನವಾಗಿ ಏರಿದರೆ ಸಂಪರ್ಕದ ಪೈಪು ಕಟ್ಟಿಕೊಂಡಿದೆ ಅಂತ. ಅಂದರೆ ಗಾಜಿನಲ್ಲಿ ಕಾಣುವ ಮಟ್ಟ ಸುಳ್ಳು ಇರಬಹುದು. ಅರ್ಧ ನಿಮಿಷದ ಕೆಲಸ. ಇದನ್ನು ಮಾಡದೆ ರಿಜಿಸ್ಟರಿನಲ್ಲಿ ಬೆಳಿಗ್ಗೆಯೇ ಮೂರು ಶಿಫ್ಟಿಗೂ ಟಿಕ್ ಹಾಕಿಬಿಟ್ಟರೆ ಗೋಡೆಯ ಮೇಲಿನ ಸರ್ಟಿಫಿಕೇಟ್ ಎಷ್ಟು ಹೊಸದಿದ್ದರೇನು?

ಹೊರಗಿನ ತಪಾಸಣೆ ಇಂಥ ಕಡೆ ಮಾಡಬಹುದಾದ ದೊಡ್ಡ ಕೆಲಸ ಎಂದರೆ ಒಳಗಿನ ತಪಾಸಣೆ ನಿಜವಾಗಿ ನಡೆಯುತ್ತಿದೆಯಾ ಎಂದು ನೋಡುವುದು. ಅದು ಕಷ್ಟವೇನಲ್ಲ. ಎಲ್ಲ ಸಹಿಯೂ ಒಂದೇ ಪೆನ್ನು, ಒಂದೇ ಶಾಯಿ, ಒಂದೇ ಓರೆಯಲ್ಲಿದ್ದರೆ ಕೇಳುವುದೇನಿದೆ? ರಜೆಯ ಭಾನುವಾರಕ್ಕೂ ಟಿಕ್ ಬಿದ್ದಿರುವ ರಿಜಿಸ್ಟರುಗಳೂ ಇರುತ್ತವೆ.

ಯಾರು ದುಡ್ಡು ಕೊಡುತ್ತಾರೆ?

1991ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಹ್ಯಾಮ್ಲೆಟ್ ಎಂಬ ಊರಿನ ಕೋಳಿ ಮಾಂಸದ ಕಾರ್ಖಾನೆಗೆ ಬೆಂಕಿ ಬಿದ್ದು 25 ಜನ ಸತ್ತರು. ಹೊರಹೋಗುವ ಬಾಗಿಲುಗಳಿಗೆ ಬೀಗ ಹಾಕಿತ್ತು. ಹನ್ನೊಂದು ವರ್ಷದಲ್ಲಿ ಅಲ್ಲಿಗೆ ಒಮ್ಮೆಯೂ ಸುರಕ್ಷತಾ ತಪಾಸಣೆ ಬಂದಿರಲಿಲ್ಲ. 2012ರ ಸೆಪ್ಟೆಂಬರಿನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಬಟ್ಟೆ ಕಾರ್ಖಾನೆಯಲ್ಲಿ ಬೆಂಕಿಗೆ 250ಕ್ಕೂ ಹೆಚ್ಚು ಜನ ಬಲಿಯಾದರು. ಬೆಂಕಿ ಬೇಕೆಂದೇ ಹಚ್ಚಿದ್ದು ಎಂದು ಅಲ್ಲಿನ ಕೋರ್ಟು ಮುಂದೆ ತೀರ್ಪು ಕೊಟ್ಟಿತು. ಆದರೆ ಇಷ್ಟೊಂದು ಜನ ಸತ್ತದ್ದು ಮುಚ್ಚಿದ ದಾರಿ, ಕಂಬಿ ಹಾಕಿದ ಕಿಟಕಿಗಳಿಂದ. ಈ ಕಾರ್ಖಾನೆಗೆ ತಪಾಸಣೆ ಆಗಿತ್ತು. ಬೆಂಕಿಗೆ ಕೆಲವೇ ವಾರ ಮೊದಲು, ಆಗಸ್ಟಿನಲ್ಲಿ, ಎಸ್‌ಎ 8000 ಎಂಬ, ಕೆಲಸಗಾರರ ಸ್ಥಿತಿಗತಿ ಸರಿಯಾಗಿದೆ ಎನ್ನುವ ಅಂತರರಾಷ್ಟ್ರೀಯ ಸರ್ಟಿಫಿಕೇಟೂ ಸಿಕ್ಕಿತ್ತು.

ಒಂದು ಕಡೆ ಯಾರೂ ನೋಡಲಿಲ್ಲ. ಇನ್ನೊಂದು ಕಡೆ ನೋಡಿ ಸರಿ ಇದೆ ಎಂದು ಬರೆದುಕೊಟ್ಟರು. ಎರಡನೆಯದೇ ಜಾಸ್ತಿ ಅಪಾಯ ಅಂತ ನನಗನಿಸುತ್ತದೆ. ಸರ್ಟಿಫಿಕೇಟ್ ಇದ್ದರೆ ಕೊಳ್ಳುವ ಕಂಪನಿಯೂ ಇಲಾಖೆಯೂ ಅತ್ತ ತಿರುಗಿ ನೋಡುವುದು ಬಿಟ್ಟುಬಿಡುತ್ತವೆ.

ಹೀಗಾಗುವುದಕ್ಕೆ ಒಂದು ಕಾರಣ ದುಡ್ಡಿನ ದಾರಿ. ಖಾಸಗಿ ಆಡಿಟರ್‌ಗೆ ಸಂಬಳ ಕೊಡುವುದು ಯಾರನ್ನು ಅವನು ಪರೀಕ್ಷಿಸಬೇಕೋ ಅವರೇ. ಕಟುವಾಗಿ ಬರೆದರೆ ಮುಂದಿನ ವರ್ಷ ಬೇರೆಯವರನ್ನು ಕರೆಯುತ್ತಾರೆ. ಇದನ್ನು ಗುಜರಾತಿನಲ್ಲಿ ಪ್ರಯೋಗ ಮಾಡಿಯೇ ನೋಡಿದರು. ಅದು ಕೆಲಸಗಾರರ ಸುರಕ್ಷತೆಯದ್ದಲ್ಲ, ಕಾರ್ಖಾನೆಗಳ ಮಾಲಿನ್ಯದ ಆಡಿಟ್. ಆದರೆ ಪಾಠ ಒಂದೇ. ಕೆಲವು ಕಾರ್ಖಾನೆಗಳಿಗೆ ಆಡಿಟರನ್ನು ಚೀಟಿ ಎತ್ತಿದ ಹಾಗೆ ಗೊತ್ತುಮಾಡಿದರು. ಫೀಸನ್ನು ಒಂದು ಸಾಮಾನ್ಯ ನಿಧಿಯಿಂದ ಕೊಟ್ಟರು. ಅವರು ಬರೆದದ್ದು ನಿಜವಾ ಎಂದು ಕೆಲವು ಕಡೆ ಮತ್ತೆ ಅಳೆದು ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ಆಡಿಟರುಗಳು ಮಾಲಿನ್ಯ ಮಿತಿಯೊಳಗಿದೆ ಎಂದು ಸುಳ್ಳು ಬರೆಯುವ ಸಂಭವ ಶೇಕಡಾ 80ರಷ್ಟು ಕಡಿಮೆಯಾಯಿತು. ಕಾರ್ಖಾನೆಗಳು ಮಾಲಿನ್ಯವನ್ನೂ ಕಡಿಮೆ ಮಾಡಿದವು. ಆಡಿಟರುಗಳಿಗೆ ಯಾರೂ ನೀತಿಬೋಧನೆ ಮಾಡಲಿಲ್ಲ, ಅವರನ್ನು ಆರಿಸುವ, ಫೀಸು ಕೊಡುವ, ಮರುಪರಿಶೀಲಿಸುವ ದಾರಿ ಬದಲಿಸಿದರು ಅಷ್ಟೆ.

ಢಾಕಾ ಹತ್ತಿರದ ರಾನಾ ಪ್ಲಾಜಾದ್ದು ಮತ್ತೊಂದು ತರಹದ ಕತೆ. ಅಲ್ಲಿ ತಪಾಸಣೆ ಸರಿಯಾಗಿಯೇ ಆಗಿತ್ತು. 2013ರ ಏಪ್ರಿಲ್ 23ರಂದು ಗೋಡೆ-ಕಂಬಗಳಲ್ಲಿ ಬಿರುಕು ಕಂಡಿತು. ನೋಡಿದ ಎಂಜಿನಿಯರ್ ಕಟ್ಟಡ ಅಪಾಯದಲ್ಲಿದೆ ಎಂದರು. ಕೆಳಗಿದ್ದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಮೇಲಿನ ಗಾರ್ಮೆಂಟ್ ಕಾರ್ಖಾನೆಗಳು ಮಾರನೇ ಬೆಳಿಗ್ಗೆ ಕೆಲಸಗಾರರನ್ನು ವಾಪಸ್ ಕರೆದವು. ಕಟ್ಟಡ ಕುಸಿದು 1,134 ಜನ ಸತ್ತರು. ಅಪಾಯ ಗುರುತಿಸಿದವರ ಕೈಯಲ್ಲಿ ಬಾಗಿಲು ಮುಚ್ಚಿಸುವ ಅಧಿಕಾರ ಇರಲಿಲ್ಲ. ಆ ದುರಂತದ ನಂತರ ಬ್ರ್ಯಾಂಡುಗಳೂ ಕಾರ್ಮಿಕ ಸಂಘಟನೆಗಳೂ ಸೇರಿ ಮಾಡಿಕೊಂಡ 'ಅಕಾರ್ಡ್' ಒಪ್ಪಂದದಲ್ಲಿ ಇದನ್ನೇ ತಿದ್ದಿದರು. ಸ್ವತಂತ್ರ ಎಂಜಿನಿಯರುಗಳು ಬಂದು ನೋಡಿದರು. ವರದಿಗಳನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. ಸರಿಮಾಡದ ಕಾರ್ಖಾನೆಗೆ ಆರ್ಡರ್ ನಿಲ್ಲುವ ಹಾಗೆ ಮಾಡಿದರು.

ಪ್ರಕಟಿಸುವುದರ ಶಕ್ತಿಯನ್ನು ಕಡಿಮೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ದೊಡ್ಡ ದಂಡ ಬಿದ್ದ ಕಂಪನಿಗಳ ಬಗ್ಗೆ ಸುರಕ್ಷತಾ ಇಲಾಖೆ ಪತ್ರಿಕಾ ಪ್ರಕಟಣೆ ಕೊಡಲು ಶುರುಮಾಡಿತು. ಅಂಥ ಒಂದು ಪ್ರಕಟಣೆಯಿಂದ ಸುತ್ತಮುತ್ತಲ ಅದೇ ಉದ್ಯಮದ ಕಂಪನಿಗಳು ಎಷ್ಟು ಸುಧಾರಿಸಿದವೆಂದರೆ, ಅಷ್ಟನ್ನು ತಪಾಸಣೆಯಿಂದಲೇ ಮಾಡಬೇಕಿದ್ದರೆ 210 ತಪಾಸಣೆ ಬೇಕಾಗುತ್ತಿತ್ತು ಎಂದು 2020ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಪಕ್ಕದ ಶೆಡ್ಡಿನವನ ಹೆಸರು ಪೇಪರಿನಲ್ಲಿ ಬಂದರೆ ನಮ್ಮ ಗಾರ್ಡು ತಾನಾಗಿ ವಾಪಸ್ ಬರುತ್ತದೆ ಅಲ್ವಾ?

ನಮ್ಮ ಕಾನೂನು ಎಲ್ಲಿದೆ

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಈ ಕ್ಷೇತ್ರದ ಹಳೆಯ ಚಾಳಿ. 1897ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ 52 ಜನ ಸತ್ತರು. 1899ರಲ್ಲಿ ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯಲ್ಲಿ 47 ಜನ. ಆಮೇಲೆ 1901ರ ಗಣಿ ಕಾಯ್ದೆ ಬಂತು. 1902ರ ಜನವರಿಯಲ್ಲಿ ಕಲ್ಕತ್ತಾದಲ್ಲಿ ಗಣಿ ತಪಾಸಣಾ ಕಚೇರಿ ತೆರೆಯಿತು. ಇವತ್ತು ಧನಬಾದಿನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮೂಲ ಅದು. ಭೋಪಾಲದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಒಂದು ಇಡೀ ಅಧ್ಯಾಯವೇ ಸೇರಿತು.

ಕರ್ನಾಟಕದಲ್ಲಿ ಈ ಕೆಲಸ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದ್ದು. 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. 1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಇನ್ಸ್‌ಪೆಕ್ಟರ್ ಈಗ 'ಇನ್ಸ್‌ಪೆಕ್ಟರ್-ಕಮ್-ಫೆಸಿಲಿಟೇಟರ್'. ಹಿಡಿಯುವುದರ ಜೊತೆಗೆ ಸಲಹೆಯನ್ನೂ ಕೊಡಬೇಕು. ಯಾವ ಕಡೆ ತಪಾಸಣೆ ಎಂಬುದನ್ನು ಕಂಪ್ಯೂಟರ್ ಆರಿಸುವ ಪದ್ಧತಿಗೂ ಜಾಗ ಇದೆ. ಇದರಲ್ಲಿ ಒಳ್ಳೆಯದೂ ಇದೆ, ಅನುಮಾನಕ್ಕೆ ಎಡೆಯೂ ಇದೆ. ಚೀಟಿ ಎತ್ತಿ ಹೋಗುವುದರಿಂದ ಮಾಮೂಲಿ ವಸೂಲಿ ಕಡಿಮೆಯಾಗಬಹುದು, ಕ್ಯಾಲಿಫೋರ್ನಿಯಾದಲ್ಲಿ ಫಲ ಕೊಟ್ಟ ತಪಾಸಣೆಗಳೂ ಹಾಗೆ ಚೀಟಿ ಎತ್ತಿ ಹೋದವೇ. ಆದರೆ ಬರೀ ಸಲಹೆಯಿಂದ ಹೆಚ್ಚು ಕೆಲಸವಾಗುವುದಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಸಿಕ್ಕಿದ್ದು ಇಷ್ಟು: ದಂಡ ಬಿದ್ದ ತಪಾಸಣೆಯ ನಂತರ ಗಾಯಗಳು ಕಡಿಮೆಯಾಗುತ್ತವೆ, ದಂಡವಿಲ್ಲದ ತಪಾಸಣೆಯ ಪರಿಣಾಮ ಅಷ್ಟಾಗಿ ಕಾಣುವುದಿಲ್ಲ.

ಇನ್ನೊಂದು ಬದಲಾವಣೆ ಗಮನಿಸಬೇಕಾದ್ದು. ವಿದ್ಯುತ್ ಬಳಸುವ ಕಡೆ 'ಕಾರ್ಖಾನೆ' ಎನಿಸಿಕೊಳ್ಳಲು ಮೊದಲು 10 ಕೆಲಸಗಾರರು ಸಾಕಿತ್ತು, ಈಗ 20 ಬೇಕು. ಇನ್ನೊಂದು ತುದಿಯಲ್ಲಿ ಕಾನೂನು ಬಿಗಿಯಾಗಿದೆ. ಸುರಕ್ಷತಾ ಅಧಿಕಾರಿಯನ್ನು ಇಟ್ಟುಕೊಳ್ಳಲು ಮೊದಲು 1,000 ಜನ ಇರಬೇಕಿತ್ತು, ಈಗ 500. ಅಪಾಯಕಾರಿ ಪ್ರಕ್ರಿಯೆ ಇದ್ದರೆ 250. ದೊಡ್ಡ ಕಂಪನಿಗೆ ಒಳ್ಳೆಯದಾಯಿತು. ಬೆರಳು ಹೋಗುವ ಪ್ರೆಸ್‌ಗಳು ಜಾಸ್ತಿ ಇರುವುದು ಹದಿನೈದು ಜನರ ಶೆಡ್ಡಿನಲ್ಲಿ ಅನ್ನುವುದೇ ನನ್ನ ಚಿಂತೆ.

ಕೆಲಸಗಾರರ ಕಡೆಯಿಂದ ನೋಡಿದರೆ ಸಂಹಿತೆಯ 14ನೇ ಕಲಂ ಮುಖ್ಯ. ಜೀವಕ್ಕೆ ತಕ್ಷಣದ ಗಂಭೀರ ಅಪಾಯ ಇದೆ ಎಂದು ಅನಿಸಿದರೆ ಮಾಲೀಕರಿಗೆ ಹೇಳಬಹುದು, ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್‌ಗೂ ತಿಳಿಸಬಹುದು. ದೂರು ಕೊಟ್ಟವರ ಗುಟ್ಟು ಕಾಯುವ ಮಾತು ಹಳೆಯ ಕಾಯ್ದೆಯ 118ಎ ಕಲಂನಲ್ಲಿ ಸ್ಪಷ್ಟವಾಗಿತ್ತು. ಯಾರು ದೂರು ಕೊಟ್ಟರು ಅನ್ನುವುದನ್ನಷ್ಟೇ ಅಲ್ಲ, ದೂರು ಬಂದದ್ದರಿಂದ ತಪಾಸಣೆಗೆ ಬಂದಿದ್ದೇನೆ ಅನ್ನುವುದನ್ನೂ ಇನ್ಸ್‌ಪೆಕ್ಟರ್ ಮಾಲೀಕರಿಗೆ ಹೇಳುವ ಹಾಗಿರಲಿಲ್ಲ. ಆದರೂ ಸಣ್ಣ ಶೆಡ್ಡಿನಲ್ಲಿ ಯಾರು ಹೇಳಿದ್ದು ಅಂತ ಊಹಿಸುವುದು ಕಷ್ಟವಲ್ಲ. ಅಂಥ ಕಡೆ ಒಬ್ಬರೇ ಹೋಗುವುದಕ್ಕಿಂತ ನಾಲ್ಕು ಜನ ಸೇರಿ, ಅಥವಾ ಯೂನಿಯನ್ ಇದ್ದರೆ ಅದರ ಮೂಲಕ ಬರೆಯುವುದು ವಾಸಿ.

ಬರೆಯುವಾಗ "ನಮ್ಮಲ್ಲಿ ಸೇಫ್ಟಿ ಇಲ್ಲ" ಎಂದು ಬರೆದರೆ ಬಂದವರು ಹೆಲ್ಮೆಟ್ ನೋಡಿ ಹೋಗುತ್ತಾರೆ. ಯಾವ ಯಂತ್ರ, ಅದರ ನಂಬರು ಏನು, ಯಾವ ಶಿಫ್ಟಿನಲ್ಲಿ ಗಾರ್ಡ್ ಬಿಚ್ಚುತ್ತಾರೆ, ಯಾವಾಗಿನಿಂದ, ಮೊದಲು ಯಾರಿಗೆ ಹೇಳಿದ್ದಿರಿ, ಅವರು ಏನೆಂದರು, ಇಷ್ಟು ಬರೆಯಬೇಕು. ರಾತ್ರಿ ಪಾಳಿಯಲ್ಲಿ ಮಾತ್ರ ಆಗುವ ತಪ್ಪಾದರೆ ಅದನ್ನು ಎದ್ದುಕಾಣುವಂತೆ ಬರೆಯಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಬರುವ ಸಾಹೇಬರ ಮುಂದೆ ಆ ಪ್ರೆಸ್ಸಿನ ಎರಡೂ ಬಟನ್ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತವೆ.